ಒಗ್ಗರಣೆ ಮಂಡಕ್ಕಿ

ಒಗ್ಗರಣೆ ಮಂಡಕ್ಕಿಯು ನೀರಿನಲ್ಲಿ ತೋಯಿಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಬೆರೆಸಿ ತಯಾರಿಸುವ ತಿನಿಸು. ಹೊಸಪೇಟೆ, ಕಮಲಾಪುರ, ಸಂಡೂರು ಹಾಗೂ ಕಂಪ್ಲಿ ಭಾಗದಲ್ಲಿ ಇದನ್ನು ಬೆಳಗಿನ ಉಪಾಹಾರವಾಗಿಯೂ ಸಂಜೆಯ ಚಹಾದ ಜೊತೆಗಿನ ತಿಂಡಿಯಾಗಿಯೂ ಸೇವಿಸುತ್ತಾರೆ. ಮಿರ್ಚಿ ಬಜ್ಜಿಯು ಇದರ ರೂಢಿಯ ಜೊತೆಗಾರ.

ಹೆಸರು ಮತ್ತು ಪ್ರದೇಶ

ಮಂಡಕ್ಕಿಗೆ ಈ ಭಾಗದಲ್ಲಿ ಮಂಡಾಳು ಎಂಬ ಹೆಸರೂ ಇದೆ. ಧಾರವಾಡದ ಕಡೆ ಇದು ಚುರುಮುರಿ, ಹಳೆಯ ಮೈಸೂರು ಸೀಮೆಯಲ್ಲಿ ಪುರಿ. ನೆರೆಯ ಅನಂತಪುರ ಮತ್ತು ಕರ್ನೂಲು ಜಿಲ್ಲೆಗಳಲ್ಲಿ ಇದೇ ತಿನಿಸನ್ನು ಉಗ್ಗಾನಿ ಎನ್ನುತ್ತಾರೆ. ಅಲ್ಲಿಯೂ ಬಜ್ಜಿಯೊಂದಿಗೇ ಬಡಿಸುತ್ತಾರೆ. 1800ರಲ್ಲಿ ನಿಜಾಮನಿಂದ ಬ್ರಿಟಿಷರಿಗೆ ಸೇರಿದ ಬಳ್ಳಾರಿ ಸೀಮೆಯು ಈ ಜಿಲ್ಲೆಗಳೊಂದಿಗೆ ಮದರಾಸು ಪ್ರಾಂತ್ಯದಲ್ಲಿದ್ದು, 1953ರ ಅಕ್ಟೋಬರ್ 1ರಂದು ಅದರ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು.

ಬೇಕಾಗುವ ಪದಾರ್ಥಗಳು

ನಾಲ್ವರಿಗೆ: ಮಂಡಕ್ಕಿ 200 ಗ್ರಾಂ, ಈರುಳ್ಳಿ 2, ಟೊಮೆಟೊ 1, ಹಸಿಮೆಣಸಿನಕಾಯಿ 4, ಎಣ್ಣೆ 3 ಚಮಚ, ಪುಟಾಣಿ (ಹುರಿಗಡಲೆ) ಹಿಟ್ಟು 4 ಚಮಚ, ಸಾಸಿವೆ, ಜೀರಿಗೆ, ಕರಿಬೇವು, ಅರಿಸಿನ, ಉಪ್ಪು, ನಿಂಬೆರಸ, ಕೊತ್ತಂಬರಿ ಸೊಪ್ಪು.

ತಯಾರಿಸುವ ವಿಧಾನ

ಬೇಯಿಸಿ ಒಣಗಿಸಿದ ಭತ್ತದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವುದರಿಂದ ಅದನ್ನು ಮತ್ತೆ ಬೇಯಿಸಬೇಕಿಲ್ಲ, ತೇವವಷ್ಟೇ ಸಾಕು. ಆದ್ದರಿಂದ ತೋಯಿಸುವ ಹಂತವೇ ಇಲ್ಲಿ ಮುಖ್ಯ.

1. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸಬೇಕು. ಕರಿಬೇವು, ಮೆಣಸಿನಕಾಯಿ, ಈರುಳ್ಳಿ ಹಾಕಿ ಬಾಡಿಸಿ, ಅರಿಸಿನ ಮತ್ತು ಟೊಮೆಟೊ ಸೇರಿಸಿ ಮೆತ್ತಗಾಗಿಸಬೇಕು.
2. ಒಗ್ಗರಣೆ ಸಿದ್ಧವಾದ ಮೇಲೆಯೇ ಮಂಡಕ್ಕಿಯನ್ನು ನೀರಿಗೆ ಹಾಕಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ತೆಗೆದು, ಅಂಗೈಗಳ ನಡುವೆ ಮೆಲ್ಲಗೆ ಹಿಂಡಬೇಕು. ತಡವಾದರೆ ಕಾಳುಗಳು ಮುದ್ದೆಯಾಗುತ್ತವೆ. ಬೇಗ ತೆಗೆದರೆ ನಡುವೆ ಗಟ್ಟಿ ಉಳಿಯುತ್ತದೆ.
3. ಸಣ್ಣ ಉರಿಯಲ್ಲಿ ಮಂಡಕ್ಕಿ ಬೆರೆಸಿ ಪುಟಾಣಿ ಹಿಟ್ಟು ಉದುರಿಸಬೇಕು. ಇದು ಉಳಿದ ನೀರನ್ನು ಹೀರಿ ಕಾಳುಗಳನ್ನು ಬಿಡಿಬಿಡಿಯಾಗಿಸುತ್ತದೆ.
4. ರುಚಿ ನೋಡಿಯೇ ಉಪ್ಪು ಹಾಕಬೇಕು. ಮಂಡಕ್ಕಿಯಲ್ಲಿ ಮೊದಲೇ ಉಪ್ಪಿರುವುದುಂಟು. ಉರಿ ಆರಿಸಿದ ಬಳಿಕ ನಿಂಬೆರಸ, ಕೊತ್ತಂಬರಿ ಸೇರಿಸಬೇಕು.

ಬಡಿಸುವ ಕ್ರಮ

ಒಗ್ಗರಣೆ ಮಂಡಕ್ಕಿಯನ್ನು ಬಿಸಿಯಾಗಿಯೇ ಬಡಿಸಲಾಗುತ್ತದೆ. ಆರಿದರೆ ಒಣಗಿ ನಾರಿನಂತಾಗುತ್ತದೆ. ಆದ್ದರಿಂದ ಮಿರ್ಚಿ ಬಜ್ಜಿಯನ್ನು ಮೊದಲೇ ಕರಿದಿಟ್ಟುಕೊಂಡು, ಚಹಾ ಕುದಿಯುವಾಗ ಮಂಡಕ್ಕಿಯನ್ನು ತೋಯಿಸುವುದು ಅನುಕೂಲ. ಬಜ್ಜಿಯ ಖಾರಕ್ಕೆ ಮೃದುವಾದ ಮಂಡಕ್ಕಿಯೂ ಸಿಹಿ ಚಹಾವೂ ಹೊಂದುತ್ತವೆ.