ತಿರುಳ್ಗನ್ನಡದ ನಾಡಿಗೆ ಒಂದು ಬಸ್ ಟಿಕೆಟ್

ಹಂಪಿ ನೋಡಿದವರು ಕೈ ಎತ್ತಿ ಅಂದ್ರೆ ನಿಮ್ಮಲ್ಲಿ ಬಹಳ ಜನ ಎತ್ತುತ್ತೀರಿ. ಬಾದಾಮಿ, ಪಟ್ಟದಕಲ್ಲು ಅಂದ್ರೂ ಸಾಕಷ್ಟು ಕೈ ಏಳುತ್ತವೆ. ಲಕ್ಷ್ಮೇಶ್ವರ? ಶಿರಹಟ್ಟಿ? ಮುಂಡರಗಿ? ಇಲ್ಲಿಗೆ ಬರುವಾಗ ಆ ಊರಲ್ಲಿ ಬೀಗರು, ನೆಂಟರು ಇರೋರು ಮಾತ್ರ ಉಳೀತಾರೆ. ಹುಬ್ಬಳ್ಳಿಯಿಂದ ಹಂಪಿ ಕಡೆ ಹೋಗೋ ರಸ್ತೆ ಗದಗದ ಮೇಲೇ ಹಾದುಹೋಗ್ತದೆ. ಬಸ್ ನಿಂತಾಗ ನಾವು ಮಿರ್ಚಿ ತಿಂದು, ಚಹಾ ಕುಡಿದು, ಮತ್ತೆ ಬಸ್ ಹತ್ತುತ್ತೇವೆ. ಈ ಸಂಚಿಕೆಯಲ್ಲಿ ಅಲ್ಲೇ ಇಳಿಯೋಣ.

ಇಳಿಯೋ ಮುಂಚೆ ಒಂದು ಕೆಲಸ ಮಾಡಿ. ಫೋನಿನಲ್ಲಿ ಮ್ಯಾಪ್ ತೆಗೆದು ನಾಲ್ಕು ಜಾಗ ಗುರುತು ಹಾಕಿ: ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಈ ನಾಲ್ಕನ್ನೂ ಗೆರೆ ಎಳೆದು ಸೇರಿಸಿ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಹಾಕಿದ ಗೆರೆ ಇದೇ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಅಂತ ಆಗಿನ ಹೆಸರುಗಳು. ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಇದೆ, ಆದರೆ ಕನ್ನಡದ ತಿರುಳು ಇರೋದು ಈ ನಾಲ್ಕು ಊರುಗಳ ನಡುವೆ ಅಂತ ಆ ಗ್ರಂಥ ಹೇಳ್ತದೆ. ಈಗ ಮ್ಯಾಪ್ ನೋಡಿ. ಗದಗ-ಬೆಟಗೇರಿ, ಶಿರಹಟ್ಟಿ ಗೆರೆಯ ಒಳಗಿವೆ. ಮುಂಡರಗಿ ಅಂಚಿನಲ್ಲಿದೆ. ಲಕ್ಷ್ಮೇಶ್ವರ ಅಂದರೆ ಪುಲಿಗೆರೆ, ಅದೇ ಒಂದು ಮೂಲೆಗಲ್ಲು.

ಹಾಗಾದ್ರೆ ಆ ತಿರುಳಿನೊಳಗೆ ಏನಿತ್ತು, ಯಾರ್ಯಾರು ಇದ್ದರು? ನಾನು ಹುಡುಕಿದ್ದು ಅದನ್ನೇ.

ಗದಗದಿಂದ ಶುರು ಮಾಡೋಣ. ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಪೂಜೆ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ ಇದೆ. ದೇವಿಯ ಮೂರ್ತಿ ಭಗ್ನವಾಗಿದೆ, ಆದರೆ ಮುಂದಿನ ಕಂಬಗಳ ಕೆತ್ತನೆ ನೋಡೋಕೆ ಅರ್ಧ ಗಂಟೆಯಾದರೂ ಬೇಕು. ವೀರನಾರಾಯಣ ಗುಡಿಗೆ ಬನ್ನಿ. ಕುಮಾರವ್ಯಾಸ ಇಲ್ಲೇ ಕೂತು ಭಾರತ ಬರೆದ ಅಂತ ಜನ ನಂಬಿದ್ದಾರೆ. ಒದ್ದೆ ಬಟ್ಟೆ ಉಟ್ಟು ಕೂತು, ಅದು ಆರುವವರೆಗೆ ಮಾತ್ರ ಬರೀತಿದ್ದ ಅನ್ನೋ ಕತೆಯನ್ನ ನೀವು ಶಾಲೆಯಲ್ಲಿ ಕೇಳಿರ್ತೀರಿ.

ಬೆಟಗೇರಿಯಲ್ಲಿ ಕತೆ ಬೇರೆ. ಇಲ್ಲಿ ರಾಷ್ಟ್ರಕೂಟರ ಕಾಲದಷ್ಟು ಹಳೆಯ ವೀರಗಲ್ಲುಗಳಿವೆ. ವೀರಗಲ್ಲನ್ನ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಸತ್ತವನನ್ನ ಅಪ್ಸರೆಯರು ಕರೆದೊಯ್ಯೋದು, ಮೇಲೆ ಅವನು ತನ್ನ ದೇವರ ಮುಂದೆ ಕೂತಿರೋದು. ದನ ಕಾಯೋಕೆ, ಊರು ಉಳಿಸೋಕೆ ಹೋಗಿ ಸತ್ತವರಿಗೂ ಇಂಥ ಕಲ್ಲು ನಿಲ್ಲಿಸ್ತಿದ್ದರು. ಗುಡಿಗಳಲ್ಲಿ ದೊರೆಯ ಹೆಸರು ಸಿಗ್ತದೆ, ಸಾಮಾನ್ಯ ಮನುಷ್ಯನ ಸಾವಿನ ನೆನಪು ಸಿಗೋದು ಇಲ್ಲಿ.

ಗದಗದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಲಕ್ಷ್ಮೇಶ್ವರ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ, ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಈಗ ಸಿನಿಮಾ ನೋಡಿ. ಈ ಭಾಗದ ಮಾತು ಬಂತು ಅಂದ್ರೆ ಅದು ಹೆಚ್ಚಾಗಿ ನಗಿಸೋ ಪಾತ್ರದ ಬಾಯಲ್ಲಿ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ 'ಹೌದ್ರಿ' ಅನ್ನೋದನ್ನ ನುಂಗಿಕೊಂಡೋರು ಈ ಸಂಚಿಕೆ ಕೇಳ್ತಿರೋರಲ್ಲೂ ಇರ್ತೀರಿ.

ಲಕ್ಷ್ಮೇಶ್ವರದ ಶಂಖ ಬಸದಿಗೆ ಬಾದಾಮಿ ಚಾಲುಕ್ಯರ ಕಾಲದಿಂದ ದಾನ ಬಂದಿರೋದನ್ನ ಶಾಸನಗಳು ಹೇಳ್ತವೆ. ಒಳಗೆ ಸಹಸ್ರಕೂಟ ಇದೆ. ಒಂದೇ ಕಲ್ಲಿನಲ್ಲಿ ಸಾಲು ಸಾಲಾಗಿ ಸಾವಿರಕ್ಕೂ ಹೆಚ್ಚು ಪುಟ್ಟ ಜಿನಬಿಂಬಗಳು. ಆದರೆ ಈ ಊರಿನ ಶಾಸನಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ದೇವರಿಗೆ ಸಂಬಂಧಿಸಿದ್ದಲ್ಲ. 8ನೇ ಶತಮಾನದಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಈ ಊರಿಗೆ ಒಂದು ಆಚಾರ ವ್ಯವಸ್ಥೆ ಬರೆಸಿಕೊಟ್ಟ. ಮಹಾಜನರು, ವರ್ತಕರ ನಗರ, ಹದಿನೆಂಟು ಪ್ರಕೃತಿಗಳು ಅಂತ ಊರಿನ ಗುಂಪುಗಳ ಹೆಸರು ಅದರಲ್ಲಿದೆ. ಅರಸನ ಅಧಿಕಾರಿಗಳು ಊರಿನವರ ಜೊತೆ ಹೇಗೆ ನಡಕೋಬೇಕು, ಊರಿನವರು ಏನು ತೆರಬೇಕು, ಎರಡೂ ಕಡೆಯದ್ದು ಕಲ್ಲಿನಲ್ಲಿದೆ. ಪುರಸಭೆ ಅನ್ನೋ ಮಾತು ಹುಟ್ಟೋ ಸಾವಿರ ವರ್ಷ ಮೊದಲಿನ ಕರಾರು ಅದು.

ಹಾಗಂತ ಎಲ್ಲರೂ ಹಾಲು-ಸಕ್ಕರೆ ಥರ ಇದ್ದರು ಅಂತ ನಾನು ಹೇಳಲ್ಲ. ಅದೇ ಊರಿನ ಸೋಮೇಶ್ವರ ಗುಡಿಗೆ ಬನ್ನಿ. ನಂದಿಯ ಮೇಲೆ ಶಿವ-ಪಾರ್ವತಿ ಕೂತಿರೋ ಅಪರೂಪದ ಮೂರ್ತಿ ಇಲ್ಲಿದೆ. ಇದರ ಹಿಂದಿನ ಕತೆಯನ್ನ ಹರಿಹರ ರಗಳೆಯಲ್ಲಿ, ರಾಘವಾಂಕ 'ಸೋಮನಾಥ ಚರಿತೆ'ಯಲ್ಲಿ ಹೇಳಿದ್ದಾರೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ, ಜೈನ ಮನೆತನದ ಪದ್ಮಾವತಿಯನ್ನ ಮೆಚ್ಚಿ ಮದುವೆಯಾಗ್ತಾನೆ. ಆಮೇಲೆ ಮಾವನ ಮನೆಯವರ ಜೊತೆ ಜಗಳ. ಸೋಮನಾಥನನ್ನೇ ತಂದು ಬಸದಿಯಲ್ಲಿ ನಿಲ್ಲಿಸ್ತೀನಿ ಅಂತ ಪಣ ತೊಡ್ತಾನೆ. ಅದು ಪ್ರೇಮದ ಕತೆಯೂ ಹೌದು, ಮತಗಳ ಹೋರಾಟದ ಕತೆಯೂ ಹೌದು. ಗೆದ್ದವರ ಕಡೆಯ ಕವಿಗಳು ಬರೆದದ್ದು ಅನ್ನೋದನ್ನ ನೆನಪಿಟ್ಟುಕೊಂಡೇ ಓದಬೇಕು. ಆದರೂ ಶಂಖ ಬಸದಿಯಲ್ಲಿ ಇವತ್ತೂ ಪೂಜೆ ನಡೀತದೆ. ಸೋಮೇಶ್ವರನಲ್ಲೂ ನಡೀತದೆ. ಆದಿಲಶಾಹಿ ಕಾಲದಲ್ಲಿ, 1617ರಲ್ಲಿ, ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿಯಲ್ಲಿ ನಮಾಜು ನಡೀತದೆ. ದೂದ್‌ನಾನಾ ದರ್ಗಾಕ್ಕೂ ಜನ ಹೋಗ್ತಾರೆ. ಜಗಳ ಆಗಿದೆ, ಊರು ಉಳಿದಿದೆ.

ಲಕ್ಷ್ಮೇಶ್ವರದಿಂದ ಶಿರಹಟ್ಟಿ ಹತ್ತಿರ. ಅಲ್ಲಿನ ಮಠದ ಹೆಸರೇ ಫಕೀರೇಶ್ವರ ಮಠ. 'ಫಕೀರ'ದ ಪಕ್ಕ 'ಈಶ್ವರ'. ವಿಜಯಪುರದ ಸೂಫಿ ಗುರುಗಳ ನಂಟು ಈ ಮಠದ ಪರಂಪರೆಯ ಕತೆಯಲ್ಲೇ ಇದೆ. ಇಲ್ಲಿನ ಸ್ವಾಮಿಗಳ ಹೆಸರಿನ ಮುಂದೆ ಇಂದಿಗೂ 'ಫಕೀರ' ಸೇರ್ತದೆ. ಹಿಂದೂ, ಮುಸ್ಲಿಂ ಇಬ್ಬರೂ ಭಕ್ತರು.

ಚಳಿಗಾಲದಲ್ಲಿ ಹೋದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಬಿಡಬೇಡಿ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಳಿಗ್ಗೆ ಬೇಗ ಹೋಗಿ, ಸದ್ದು ಮಾಡಬೇಡಿ.

ಇನ್ನು ಮುಂಡರಗಿ ಕಡೆ. ಗದಗದಿಂದ ಅಲ್ಲಿಗೆ ಹೋಗುವಾಗ ಡಂಬಳದಲ್ಲಿ ಇಳೀರಿ. ದೊಡ್ಡಬಸಪ್ಪ ಗುಡಿಯ ಸುತ್ತ ಒಮ್ಮೆ ನಡೀರಿ. ಗೋಡೆ ನೇರ ಹೋಗೋದೇ ಇಲ್ಲ, ನಕ್ಷತ್ರದ ಥರ ಮೂಲೆ ಮೇಲೆ ಮೂಲೆ. ಇದೇ ಊರಿನ 1095ರ ಶಾಸನವೊಂದು, ಇಲ್ಲಿ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯನ್ನ ಪೂಜಿಸ್ತಿದ್ದ ಸಂಗತಿ ಹೇಳ್ತದೆ. ಕಲ್ಯಾಣದಲ್ಲಿ ಬಸವಣ್ಣನವರು ಬರೋದಕ್ಕೆ ಕೆಲವೇ ದಶಕ ಮೊದಲು ಗದಗ ಸೀಮೆಯಲ್ಲಿ ಬೌದ್ಧರಿದ್ದರು ಅಂತಾಯ್ತು. ಇವತ್ತು ಡಂಬಳ ಗೊತ್ತಿರೋದು ರೊಟ್ಟಿ ಜಾತ್ರೆಗೆ. ಎಲ್ಲ ಜಾತಿಯವರ ಮನೆಯ ರೊಟ್ಟಿ ಒಂದೇ ಪಂಕ್ತಿಗೆ ಬರ್ತದೆ.

ಮುಂಡರಗಿ ಅಂದ್ರೆ ಭೀಮರಾವ್. 1858ರಲ್ಲಿ, ಬ್ರಿಟಿಷರ ನಿಃಶಸ್ತ್ರೀಕರಣ ಕಾಯ್ದೆಯ ಕಾಲದಲ್ಲಿ, ಹಮ್ಮಿಗಿಯ ಕೆಂಚನಗೌಡನ ಜೊತೆ ಸೇರಿ ಬಂಡೆದ್ದ. ಡಂಬಳದ ಖಜಾನೆಗೆ ಕೈ ಹಾಕಿ, ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಸತ್ತ. ಪಕ್ಕದಲ್ಲೇ ಕಪ್ಪತಗುಡ್ಡ. ಔಷಧಿ ಸಸ್ಯಗಳ ಈ ಗುಡ್ಡ ಜನರ ಒತ್ತಾಯದಿಂದಲೇ 2019ರಲ್ಲಿ ವನ್ಯಜೀವಿ ಧಾಮ ಆಯಿತು. 2011ರಲ್ಲಿ ಹಳ್ಳಿಗುಡಿಯ ಹೊಲಗಳಲ್ಲಿ ಉಕ್ಕಿನ ಕಾರ್ಖಾನೆ ಬೇಡ ಅಂತ ರೈತರ ಜೊತೆ ನಿಂತವರು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು.

ಇಷ್ಟೆಲ್ಲ ಇದ್ದೂ ಈ ಊರುಗಳ ಹೆಸರು ನಮಗೆ ಯಾಕೆ ಗೊತ್ತಿಲ್ಲ? ನನಗೆ ಎರಡು ಕಾರಣ ಕಾಣ್ತವೆ. ಮೊದಲನೇದು, 1948ರಲ್ಲಿ ಸಂಸ್ಥಾನಗಳು ವಿಲೀನವಾಗೋವರೆಗೆ ಗದಗ, ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಒಂದು ದಿನದ ಚಕ್ಕಡಿ ದಾರಿಯಲ್ಲಿ ಮೂರು ಸರಕಾರ. ತಿರುಳೇ ಹೋಳಾಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಏಕೀಕರಣದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗದ ವಕೀಲರು ಅನ್ನೋದು ಆಗ ಅರ್ಥವಾಗ್ತದೆ. ಗದಗ ಜಿಲ್ಲೆ ಆಗಿದ್ದೇ 1997ರಲ್ಲಿ.

ಎರಡನೇದು, ಹಂಪಿ ಪಾಳುಬಿದ್ದ ರಾಜಧಾನಿ, ಅದನ್ನ ನೋಡೋದು ಸುಲಭ. ಇವು ಬಳಕೆಯಲ್ಲಿರೋ ಊರುಗಳು. ಹಳೇ ಕಲ್ಲಿನ ಪಕ್ಕದಲ್ಲೇ ಸಂತೆ, ಸೈಕಲ್ ಸ್ಟ್ಯಾಂಡು, ಬಟ್ಟೆ ಒಣಹಾಕಿದ ಹಗ್ಗ. ಬಳಕೆಯಲ್ಲಿರೋದನ್ನ ಸುಲಭವಾಗಿ ಹಾಳೂ ಮಾಡಬಹುದು. ಶಾಸನಕ್ಕೆ ಸುಣ್ಣ ಬಳಿದರೆ ಒಂದು ಪುಟ ಹೋಯ್ತು. ಒಂದೊಂದು ಕಲ್ಲನ್ನೂ 'ಇದು ನಮ್ಮದು ಮಾತ್ರ' ಅಂತ ಎಳೆದಾಡಿದರೆ ಇಡೀ ಪುಸ್ತಕವೇ ಹೋಗ್ತದೆ. ಯಾಕಂದ್ರೆ ಕನ್ನಡದ ತಿರುಳು ಅಂತ ಕರೆಸಿಕೊಂಡ ಜಾಗದಲ್ಲಿ ಜೈನರು, ಶೈವರು, ಬೌದ್ಧರು, ಸೂಫಿಗಳು, ವ್ಯಾಪಾರಕ್ಕೆ ಬಂದ ಸೌರಾಷ್ಟ್ರದವರು, ಎಲ್ಲರೂ ಇದ್ದರು. ಕನ್ನಡ ಬೆಳೆದದ್ದು ಇವರೆಲ್ಲರ ಬಾಯಲ್ಲಿ.

ಎರಡು ದಿನ ಸಾಕು, ಸಾರಿಗೆ ಬಸ್ಸೇ ಸಾಕು. ಗದಗದಲ್ಲಿ ಉಳ್ಕೊಂಡು ಒಂದು ದಿನ ಲಕ್ಷ್ಮೇಶ್ವರ-ಶಿರಹಟ್ಟಿ, ಇನ್ನೊಂದು ದಿನ ಡಂಬಳ-ಮುಂಡರಗಿ ಮಾಡಿ. ಫೋಟೊ ತೆಗೆಯೋ ಮುಂಚೆ ಅಲ್ಲಿದ್ದವರನ್ನ ಒಂದು ಮಾತು ಕೇಳಿ. ಬಸ್ಸಿನಲ್ಲಿ ಮಾತ್ರ ಹೆಡ್‌ಫೋನ್ ತೆಗೆದಿಡಿ, ಬೇಕಾದ್ರೆ ನನ್ನ ಈ ಸಂಚಿಕೆಯನ್ನೂ ನಿಲ್ಲಿಸಿ. ಪಕ್ಕದ ಸೀಟಿನ ಅಜ್ಜಿ 'ಎಲ್ಲಿಂದ ಬಂದಿ, ಯಾರ ಮನಿಗೆ ಹೊಂಟಿ' ಅಂತ ಕೇಳ್ತಾರೆ. ಪುಲಿಗೆರೆಯ ಕನ್ನಡ ಅದೇ.