ಸಂಘ, ಸದನ, ಶಿಬಿರ: ಪಂಡಿತಾ ರಮಾಬಾಯಿಯವರ ಸ್ತ್ರೀಸೇವೆಯ ಮೂರು ಘಟ್ಟಗಳು

ಬೇಸಿಗೆ ರಜೆಯಲ್ಲಿ ಯುವತಿಯರಿಗಾಗಿ ಶಿಬಿರ, ಧರ್ಮಕೇಂದ್ರದಲ್ಲಿ ಯುವತಿಯರ ಸಂಘ, ಬಡ ವಿದ್ಯಾರ್ಥಿನಿಯರಿಗೆ ವಿದ್ಯಾರ್ಥಿವೇತನ: ಈ ಮೂರು ಕಾರ್ಯಗಳು ಇಂದು ನಮ್ಮ ಧರ್ಮಪ್ರಾಂತ್ಯಗಳ ಪಾಲನಾ ಯೋಜನೆಗಳಲ್ಲಿ ಸಹಜವಾಗಿ ಸೇರಿಕೊಂಡಿವೆ. ಗುರುಮಠದಿಂದ ಹೊರಟು ಧರ್ಮಕೇಂದ್ರವನ್ನು ಸೇರುವ ಯುವಗುರುವಿನ ಹೆಗಲಿಗೆ ಇವುಗಳಲ್ಲಿ ಒಂದಾದರೂ ಬೀಳುತ್ತದೆ. ಎಷ್ಟು ಮಂದಿ ಬಂದರು, ಎಷ್ಟು ಹಣ ವೆಚ್ಚವಾಯಿತು ಎಂಬ ಲೆಕ್ಕವನ್ನು ವರ್ಷದ ಕೊನೆಯಲ್ಲಿ ಒಪ್ಪಿಸುತ್ತೇವೆ. ನೆರವು ಪಡೆದವಳ ಕೈಯಲ್ಲಿ ಕೊನೆಗೆ ಎಷ್ಟು ಸ್ವಾತಂತ್ರ್ಯ ಉಳಿಯಿತು ಎಂಬ ಲೆಕ್ಕಕ್ಕೆ ಮಾತ್ರ ನಮ್ಮ ವರದಿಗಳಲ್ಲಿ ಜಾಗವಿರುವುದಿಲ್ಲ. ಈ ಪ್ರಶ್ನೆಯನ್ನು ಭಾರತದ ನೆಲದಲ್ಲಿ ತಮ್ಮ ಬದುಕಿನಿಂದಲೇ ಎದುರಿಸಿದ ಕ್ರೈಸ್ತ ಮಹಿಳೆ ಪಂಡಿತಾ ರಮಾಬಾಯಿ (1858–1922). ಮೊದಲು ಸಂಘ, ಆಮೇಲೆ ವಿದ್ಯಾರ್ಥಿವೇತನದಿಂದ ನಡೆದ ಸದನ, ಕಡೆಗೆ ಕ್ಷಾಮಪೀಡಿತರ ಶಿಬಿರ: ಈ ಕ್ರಮದಲ್ಲಿ ಅವರ ಕಾರ್ಯ ಬೆಳೆಯಿತು. ಆ ಮೂರು ಘಟ್ಟಗಳನ್ನು ಪರಿಶೀಲಿಸಿ, ಅವು ಇಂದಿನ ನಮ್ಮ ಪಾಲನಾ ಸೇವೆಯ ಮುಂದಿಡುವ ಪ್ರಶ್ನೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

1. ಗಂಗಾಮೂಲದ ಹಿನ್ನೆಲೆ

ರಮಾಬಾಯಿಯವರ ಕಥೆ ಆರಂಭವಾಗುವುದು ನಮ್ಮ ನಾಡಿನಲ್ಲಿಯೇ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಸಂಸ್ಕೃತ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಲು ಅವರು ತೊಡಗಿದಾಗ ಸ್ವಂತ ಸಮುದಾಯವೇ ಎದುರು ನಿಂತಿತು. ಸ್ತ್ರೀಯರಿಗೆ ವಿದ್ಯೆ ನಿಷಿದ್ಧವಲ್ಲವೆಂದು ಅವರು ಪಂಡಿತರ ಮುಂದೆ ಶಾಸ್ತ್ರಾಧಾರದಿಂದ ವಾದಿಸಬೇಕಾಯಿತು. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಅವರು ಕಲಿಸುವಿಕೆಯನ್ನು ಮುಂದುವರಿಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿಯೇ ಜನಿಸಿದರು. ಮುಂದೆ ತಾಯಿಯೇ ಅವರಿಗೆ ಸಂಸ್ಕೃತದ ಗುರುವಾದರು. ಒಬ್ಬ ಹೆಣ್ಣುಮಗಳಿಗೆ ಕೊಟ್ಟ ವಿದ್ಯೆ ಆಕೆಯಿಂದ ಮತ್ತೊಬ್ಬಳಿಗೆ ದಾಟುತ್ತದೆ ಎಂಬ ಪಾಠ ರಮಾಬಾಯಿಯವರಿಗೆ ಮನೆಯಲ್ಲಿಯೇ ದೊರಕಿತ್ತು.

ಕುಟುಂಬವು ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿತು. 1870ರ ದಶಕದ ಬರದಲ್ಲಿ ತಂದೆತಾಯಿಯರು ಹಸಿವಿನಿಂದ ಕೃಶರಾಗಿ ತೀರಿಕೊಂಡರು. ಅಣ್ಣನೊಡನೆ ನಡೆಯುತ್ತ 1878ರಲ್ಲಿ ಕಲ್ಕತ್ತೆ ತಲುಪಿದ ರಮಾಬಾಯಿಯವರ ಪಾಂಡಿತ್ಯವನ್ನು ಕಂಡು ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಎರಡು ವರ್ಷ ತುಂಬುವುದರೊಳಗೆ, ಕೈಯಲ್ಲೊಂದು ಹಸುಗೂಸಿರುವಾಗ, ವಿಧವೆಯಾದರು. ಹಸಿವು, ವಿದ್ಯೆ, ವೈಧವ್ಯ ಈ ಮೂರನ್ನೂ ಒಳಗಿನಿಂದ ಬಲ್ಲವರಾಗಿ ಅವರು ಸೇವೆಗೆ ಇಳಿದರು.

2. ಸಂಘ: ಮಾತಾಡುವ ಅವಕಾಶ

1882ರಲ್ಲಿ ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ರಮಾಬಾಯಿ ರಾನಡೆಯವರಂಥ ಸುಧಾರಕ ಮನೆತನಗಳ ಸ್ತ್ರೀಯರು ಅಲ್ಲಿ ಸೇರುತ್ತಿದ್ದರು. ಇತರ ಊರುಗಳಲ್ಲಿಯೂ ಅದರ ಶಾಖೆಗಳು ತೆರೆದವು. ಬಾಲ್ಯವಿವಾಹ, ಸ್ತ್ರೀಶಿಕ್ಷಣ ಮೊದಲಾದ ವಿಷಯಗಳನ್ನು ಸ್ತ್ರೀಯರೇ ಕೂಡಿ ಚರ್ಚಿಸುವುದು ಅಂದಿನ ಸಮಾಜಕ್ಕೆ ಹೊಸದು. ಅದೇ ವರ್ಷ ಶಿಕ್ಷಣವನ್ನು ಕುರಿತ ಹಂಟರ್ ಆಯೋಗದ ಮುಂದೆ ಅವರು ಸಾಕ್ಷ್ಯ ನುಡಿದರು. ಬಾಲಕಿಯರಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕಿಯರು ಬೇಕು, ಸ್ತ್ರೀಯರ ಚಿಕಿತ್ಸೆಗೆ ಸ್ತ್ರೀವೈದ್ಯರು ಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಸಂಘದ ಬಲವೂ ಮಿತಿಯೂ ಇಲ್ಲಿಯೇ ಕಾಣುತ್ತವೆ. ಅದು ಸ್ತ್ರೀಯರಿಗೆ ಮಾತನ್ನು ಕೊಟ್ಟಿತು. ಆದರೆ ಮನೆಯವರ ಅನುಮತಿ ಪಡೆದು ಹೊಸ್ತಿಲು ದಾಟಬಲ್ಲವರು ಮಾತ್ರ ಸಂಘಕ್ಕೆ ಬರಬಲ್ಲರು. ತಲೆ ಬೋಳಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕುಳಿತ ಬಾಲವಿಧವೆಗೆ ಬೇಕಾಗಿದ್ದುದು ಇರಲು ಒಂದು ಮನೆ, ಕಲಿಯಲು ಕೆಲವು ವರ್ಷ, ಅನಂತರ ಸ್ವಂತ ದುಡಿಮೆ. ಇದಕ್ಕೆ ಹಣ ಬೇಕಿತ್ತು.

3. ವಿದ್ಯಾರ್ಥಿವೇತನ: ಕೊಡುವವರು ಮತ್ತು ಪಡೆಯುವವರು

‘ಸ್ತ್ರೀಧರ್ಮನೀತಿ’ ಎಂಬ ತಮ್ಮ ಮರಾಠಿ ಪುಸ್ತಕದ ಮಾರಾಟದಿಂದ ಬಂದ ಹಣದ ಬಲದಿಂದ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ವಾಂಟೇಜಿನ ಆಂಗ್ಲಿಕನ್ ಭಗಿನಿಯರು ಅವರಿಗೆ ಆಶ್ರಯವಿತ್ತರು. ಸಮಾಜವು ‘ಪತಿತೆ’ಯರೆಂದು ಕೈಬಿಟ್ಟ ಸ್ತ್ರೀಯರನ್ನು ಆ ಭಗಿನಿಯರು ಆದರದಿಂದ ಕಾಣುತ್ತಿದ್ದ ರೀತಿ, ಸಂತ ಯೊವಾನ್ನನ ಶುಭಸಂದೇಶದ ಸಮಾರ್ಯದ ಸ್ತ್ರೀಯ ಪ್ರಸಂಗ, ಇವೆರಡೂ ಅವರ ಮನಸ್ಸನ್ನು ತಟ್ಟಿದವು. ಅದೇ ವರ್ಷದ ಸೆಪ್ಟೆಂಬರ್ 29ರಂದು ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು. ವೈದ್ಯಶಿಕ್ಷಣದ ಆಸೆಗೆ ಕಿವಿಯ ದೋಷ ಅಡ್ಡಬಂದಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತಲೇ ಸಂಸ್ಕೃತವನ್ನು ಕಲಿಸಿದರು.

ಅಲ್ಲಿ ನಡೆದ ಒಂದು ಘಟನೆ ನಮ್ಮ ವಿಷಯಕ್ಕೆ ಮುಖ್ಯ. ಅವರು ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೆಂಬ ಸೂಚನೆ ಬಂದಾಗ ಭಾರತದಲ್ಲಿದ್ದ ಆಂಗ್ಲಿಕನ್ ಬಿಷಪರು ಆಕ್ಷೇಪಿಸಿದರು. ತಮ್ಮನ್ನು ಕೇಳದೆ ತಮ್ಮ ಕುರಿತು ತೀರ್ಮಾನಿಸುವುದನ್ನು ರಮಾಬಾಯಿಯವರು ಪತ್ರಗಳಲ್ಲಿ ಪ್ರತಿಭಟಿಸಿದರು. ಅನ್ನ, ಆಶ್ರಯ, ವಿದ್ಯೆ ಎಲ್ಲವನ್ನೂ ಪಡೆಯುತ್ತಿದ್ದಾಗಲೂ ಅಂತಃಸಾಕ್ಷಿಯನ್ನು ಅವರು ಋಣಕ್ಕೆ ಒತ್ತೆಯಿಡಲಿಲ್ಲ. ನೆರವಿನೊಡನೆ ಬರುವ ಅಧಿಕಾರ ಎಷ್ಟು ಸೂಕ್ಷ್ಮವಾದುದೆಂಬುದನ್ನು, ಇತರರಿಗೆ ನೆರವು ನೀಡುವ ಮುನ್ನ, ಅವರು ಪಡೆಯುವವಳಾಗಿ ತಿಳಿದಿದ್ದರು.

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಸಮಾರಂಭಕ್ಕೆಂದು ಅಮೆರಿಕೆಗೆ ಹೋದವರು ಸುಮಾರು ಎರಡೂವರೆ ವರ್ಷ ಊರೂರು ತಿರುಗಿ ಉಪನ್ಯಾಸ ನೀಡಿದರು. ಹಿಂದೂ ಮೇಲ್ಜಾತಿಯ ಸ್ತ್ರೀಯ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1887ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಅಮೆರಿಕನ್ ರಮಾಬಾಯಿ ಸಂಘ ರೂಪುಗೊಂಡಿತು. ಹಲವು ನಗರಗಳಲ್ಲಿ ‘ರಮಾಬಾಯಿ ವೃತ್ತ’ಗಳೆಂಬ ಸಣ್ಣ ಗುಂಪುಗಳು ವಂತಿಗೆ ಕೂಡಿಸಿದವು, ವಿದ್ಯಾರ್ಥಿನಿಯರ ಖರ್ಚಿಗೆ ಹಣ ಅಲ್ಲಿಂದ ಬಂದಿತು. ನೆರವಿನ ಅವಧಿ ಹತ್ತು ವರ್ಷ. ಶಾಲೆಯಲ್ಲಿ ಯಾವ ಮತದ ಬೋಧನೆಯನ್ನೂ ಹೇರಬಾರದೆಂಬುದು ಷರತ್ತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲ ದಿನ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಬೇಗನೆ ಸೇರಿದ ಬಾಲವಿಧವೆ ಗೋದೂಬಾಯಿ ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿ. 1890ರಲ್ಲಿ ಸದನ ಪುಣೆಗೆ ಸ್ಥಳಾಂತರವಾಯಿತು. ಮೇಲ್ಜಾತಿಯ ವಿಧವೆಯರನ್ನು ಉದ್ದೇಶಿಸಿದ್ದ ಆ ಮನೆಯಲ್ಲಿ ಅವರವರ ಜಾತಿಯ ಆಚಾರಕ್ಕೆ ತಡೆಯಿರಲಿಲ್ಲ.

4. ತೆರೆದ ಬಾಗಿಲಿನ ವಿವಾದ

ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಪುಣೆಯ ಪತ್ರಿಕೆಗಳಲ್ಲಿ, ವಿಶೇಷವಾಗಿ ತಿಲಕರ ‘ಕೇಸರಿ’ಯಲ್ಲಿ, ಕಟುವಾದ ಟೀಕೆ ಬಂದಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳು 1893ರಲ್ಲಿ ರಾಜೀನಾಮೆಯಿತ್ತರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾಸ್ಟನ್ನಿನ ಸಂಘ ಕೈಬಿಡಲಿಲ್ಲ.

ಎರಡು ಪಕ್ಷಗಳಿಗೂ ನ್ಯಾಯ ಸಲ್ಲಬೇಕು. ಆಶ್ರಯದಾತೆಯೇ ಪ್ರಾರ್ಥನೆಗೆ ಕುಳಿತಾಗ ಆಶ್ರಿತೆ ಬಂದು ಕೂಡುವುದು ಪೂರ್ಣ ಸ್ವಪ್ರೇರಣೆಯೇ ಎಂದು ರಾನಡೆಯವರ ಪಕ್ಷ ಕೇಳಿದ್ದರೆ ಅದು ದ್ವೇಷದ ಮಾತಾಗದು. ಸೆರೆಯಂಥ ಮನೆಗಳಿಂದ ಬಿಡಿಸಿ ತಂದ ಹೆಣ್ಣುಮಕ್ಕಳ ಮುಂದೆ ಮತ್ತೊಂದು ಬಾಗಿಲನ್ನು ತಾವೇ ಹೇಗೆ ಮುಚ್ಚಲಿ ಎಂಬ ರಮಾಬಾಯಿಯವರ ನಿಲುವಿನಲ್ಲಿಯೂ ಸತ್ಯವಿತ್ತು. ಸದನದ ಹುಡುಗಿಯರ ನಡೆ ಒಂದೇ ದಿಕ್ಕಿಗೆ ಸಾಗಲಿಲ್ಲ. ಕೆಲವರು ಕ್ರಿಸ್ತವಿಶ್ವಾಸವನ್ನು ಸ್ವೀಕರಿಸಿದರು. ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದಿಬಾಯಿ ಕರ್ವೆ ಎನಿಸಿದರು; ಹಿಂದೂ ಸಮಾಜದಲ್ಲಿಯೇ ಉಳಿದು, 1896ರಲ್ಲಿ ಪತಿ ಆರಂಭಿಸಿದ ವಿಧವಾಶ್ರಮಕ್ಕೆ ನಿಧಿ ಕೂಡಿಸಲು ದುಡಿದರು. ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯ ಆ ಕಾರ್ಯದ ಮುಂದುವರಿಕೆ. ಶಾರದಾ ಸದನದ ವಿದ್ಯೆ ಹೀಗೆ ಅದರ ದಾನಿಗಳು ಎಣಿಸದ ಕಡೆಯಲ್ಲಿ ಫಲ ಕೊಟ್ಟಿತು.

5. ಶಿಬಿರ: ಕೇಡಗಾಂವಿನ ಮುಕ್ತಿ

ಹತ್ತು ವರ್ಷಗಳ ನೆರವು ಒಂದು ದಿನ ಮುಗಿಯುವುದೆಂದು ತಿಳಿದಿದ್ದ ರಮಾಬಾಯಿಯವರು, ಸದನ ಸ್ವಾವಲಂಬಿಯಾಗಲೆಂದು ಪುಣೆಯಿಂದ ದೂರದ ಕೇಡಗಾಂವಿನಲ್ಲಿ ಸುಮಾರು 100 ಎಕರೆ ಭೂಮಿ ಕೊಂಡು ಹಣ್ಣಿನ ತೋಟ ಮಾಡಿಸಿದ್ದರು. 1896–97ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಕ್ಷಾಮ ತಲೆದೋರಿತು. ಹಸಿವನ್ನು ಬಲ್ಲ ಅವರು ಅಲ್ಲಿಗೆ ಹೋಗಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ಸ್ತ್ರೀಯರನ್ನೂ ಕರೆತಂದರು. ಪ್ಲೇಗಿನ ಕಾರಣದಿಂದ ಪುಣೆಯಲ್ಲಿ ಅಷ್ಟು ಜನರನ್ನಿರಿಸಲು ಅಧಿಕಾರಿಗಳು ಒಪ್ಪಲಿಲ್ಲ. ಕೇಡಗಾಂವಿನ ಹೊಲದಲ್ಲಿ ಡೇರೆಗಳೂ ತಾತ್ಕಾಲಿಕ ಚಪ್ಪರಗಳೂ ಎದ್ದವು. ಹೀಗೆ ಹುಟ್ಟಿದುದು ‘ಮುಕ್ತಿ’. 1900ರ ಕ್ಷಾಮದ ವೇಳೆಗೆ ಅಲ್ಲಿನವರ ಸಂಖ್ಯೆ 2000ದ ಸಮೀಪಕ್ಕೆ ಬಂದಿತ್ತು.

ಮೂರು ಬದಲಾವಣೆಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದಾಗಿ, ಕ್ಷಾಮಕ್ಕೆ ಜಾತಿಯಿರಲಿಲ್ಲ. ಮುಕ್ತಿಯ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯಿತು. ಎರಡನೆಯದಾಗಿ, ಓದಿನ ಜೊತೆಗೆ ಬೇಸಾಯ, ಹೈನುಗಾರಿಕೆ, ನೇಯ್ಗೆ, ಎಣ್ಣೆಗಾಣ, ಮುದ್ರಣ ಮೊದಲಾದ ಕಸುಬುಗಳು ಬಂದವು. ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಮರಾಠಿಗೆ ಅನುವಾದಿಸಿದ ಪವಿತ್ರ ಗ್ರಂಥಕ್ಕೆ ಅಚ್ಚುಮೊಳೆ ಜೋಡಿಸಿದವರು ಅಲ್ಲಿನ ಸ್ತ್ರೀಯರೇ. ಮಗಳು ಮನೋರಮಾ ಅಂಧರಿಗೆ ಬ್ರೈಲ್ ಲಿಪಿ ಕಲಿಸುವ ವ್ಯವಸ್ಥೆ ಮಾಡಿದರು. ಇಂದಿನ ಕಲಬುರಗಿಯಲ್ಲಿಯೂ ತಾಯಿ ಮಗಳು ಶಾಲೆಯೊಂದನ್ನು ನಡೆಸಿದರು. ಮೂರನೆಯದಾಗಿ, ಮುಕ್ತಿಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಅಲ್ಲಿ ನೂರಾರು ಮಂದಿ ದೀಕ್ಷಾಸ್ನಾನ ಪಡೆದರು.

6. ದೈವಶಾಸ್ತ್ರೀಯ ಚಿಂತನೆ

ಈ ಮೂರನೆಯ ಅಂಶವನ್ನು ನಾವು ಸಂಭ್ರಮದಿಂದ ದಾಟಿಹೋಗುವಂತಿಲ್ಲ. ಹಸಿವಿನಿಂದ ಬದುಕಿ ಬಂದ ಅನಾಥ ಬಾಲೆಗೆ, ಅನ್ನವಿತ್ತ ಮನೆಯ ವಿಶ್ವಾಸವನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ನಿಜವಾಗಿ ಇತ್ತೇ? ರಮಾಬಾಯಿಯವರ ಪ್ರೀತಿಯ ಪ್ರಾಮಾಣಿಕತೆ ಸಂಶಯಾತೀತ. ಆದರೂ ಪ್ರೀತಿ ಪ್ರಾಮಾಣಿಕವಾಗಿದ್ದಾಗಲೂ ಕೊಡುವವರ ಮತ್ತು ಪಡೆಯುವವರ ನಡುವಿನ ಅಂತರ ತಾನಾಗಿ ಅಳಿಯುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಒಂದೇ ದಿನ ಹೊರಡಿಸಿದ ದಸ್ತಾವೇಜುಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ ಘೋಷಣೆ, ಬಡವರ ಮತ್ತು ಅಶಿಕ್ಷಿತರ ನಡುವೆ ವಿಶ್ವಾಸವನ್ನು ಸಾರುವಾಗ ಒತ್ತಾಯದ ಛಾಯೆಯೂ ಇರಬಾರದೆಂದು ವಿಶೇಷವಾಗಿ ಎಚ್ಚರಿಸುತ್ತದೆ. ಧರ್ಮಸಭೆಯ ಪ್ರೇಷಿತಕಾರ್ಯವನ್ನು ಕುರಿತ ಆದೇಶಪತ್ರ, ಆಮಿಷದಿಂದ ಯಾರನ್ನೂ ಸೆಳೆಯಬಾರದೆಂದು ನಿಷೇಧಿಸುತ್ತಲೇ, ವಿಶ್ವಾಸವನ್ನು ಅರಸುವವರನ್ನು ಬೆದರಿಕೆಯಿಂದ ತಡೆಯಲೂ ಬಾರದೆನ್ನುತ್ತದೆ. 1893ರ ಪುಣೆಯ ಎರಡೂ ಪಕ್ಷಗಳ ಕಾಳಜಿ ಇಲ್ಲಿ ಜೊತೆಗೂಡಿದೆ.

ಇಂದು ನಮ್ಮ ಶಿಬಿರಕ್ಕೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ನಮ್ಮ ವಿಶ್ವಾಸಿಗಳ ಮಕ್ಕಳೇ ಆಗಿರಬಹುದು. ಹಾಗೆಂದು ಪ್ರಶ್ನೆ ಸಡಿಲವಾಗುವುದಿಲ್ಲ. ವಿದ್ಯಾರ್ಥಿವೇತನ ಪಡೆದವಳು ಪ್ರತಿ ಕಾರ್ಯಕ್ರಮದಲ್ಲಿಯೂ ಹಾಜರಿದ್ದು ಕೃತಜ್ಞತೆ ತೋರಬೇಕೆಂದು ನಾವು ನಿರೀಕ್ಷಿಸುತ್ತೇವೆಯೇ? ಸಂಘದ ನಿರ್ಧಾರಗಳನ್ನು ಯುವತಿಯರು ಕೈಗೊಳ್ಳುತ್ತಾರೆಯೇ, ಇಲ್ಲವೆ ಗುರುಗಳು ಕೈಗೊಂಡ ನಿರ್ಧಾರಕ್ಕೆ ಹಾಡು ನೃತ್ಯಗಳನ್ನು ಒದಗಿಸುತ್ತಾರೆಯೇ? ನಮಗೆ ಒಪ್ಪಿಗೆಯಿಲ್ಲದ ಓದನ್ನೋ ವೃತ್ತಿಯನ್ನೋ ಆಕೆ ಆರಿಸಿಕೊಂಡಾಗಲೂ ನೆರವು ಮುಂದುವರಿಯುತ್ತದೆಯೇ? ಚೆಲ್ಟನ್‌ಹ್ಯಾಮಿನ ರಮಾಬಾಯಿ ಇಂದು ನಮ್ಮ ಧರ್ಮಕೇಂದ್ರದ ವಿದ್ಯಾರ್ಥಿನಿಯಾಗಿದ್ದರೆ ಅವರನ್ನು ಅವಿಧೇಯಳೆಂದು ಕರೆಯದಿರಲು ನಮಗೆ ಎಷ್ಟು ಸಿದ್ಧತೆಯಿದೆ?

ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಯಾಯೀರನ ಹನ್ನೆರಡು ವರ್ಷದ ಮಗಳ ಕೈಹಿಡಿದು ಎಬ್ಬಿಸುತ್ತಾರೆ. ಆಕೆ ಎದ್ದು ತಾನೇ ನಡೆದಾಡುತ್ತಾಳೆ. ಅನಂತರ ಆಕೆಗೆ ಊಟ ಕೊಡಿರೆಂದು ಮನೆಯವರಿಗೆ ಸ್ವಾಮಿ ಹೇಳುತ್ತಾರೆ. ನಮ್ಮನ್ನು ಹಿಂಬಾಲಿಸೆಂದು ಆಕೆಗೆ ಆಜ್ಞಾಪಿಸಿದ ಮಾತು ಅಲ್ಲಿಲ್ಲ. ಎಬ್ಬಿಸುವ ಕೈ ಸಕಾಲದಲ್ಲಿ ಸಡಿಲವಾಗುವುದೂ ಆ ಕೃಪೆಯ ಭಾಗವೇ. ಮುಂದಿನ ವರ್ಷದ ಶಿಬಿರ, ಸಂಘ, ವಿದ್ಯಾರ್ಥಿವೇತನಗಳ ಯೋಜನೆಯನ್ನು ಬರೆಯುವಾಗ, ಆ ಯೋಜನೆಯ ಸಭೆಗೆ ಯುವತಿಯರನ್ನೇ ಕರೆದು ಕೂರಿಸುವುದು ಈ ಇತಿಹಾಸದಿಂದ ನಾವು ಕಲಿಯಬಹುದಾದ ಮೊದಲ ಪಾಠ.