ಜಮಖಂಡಿ ಸೀಮೆಯಲ್ಲಿ ಲಿನಕ್ಸ್ ಮತ್ತು ಮನೆಯ ಇಂಟರ್‌ನೆಟ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಿಗೆ ಇಂಟರ್‌ನೆಟ್ ಮೊದಲು ಬಂದದ್ದು ದೂರವಾಣಿಯ ತಾಮ್ರದ ತಂತಿಯಲ್ಲಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕ ಸೇವೆ ಆರಂಭಿಸಿದಾಗ ಅದು ಮಹಾನಗರಗಳ ಸೊತ್ತಾಗಿತ್ತು; ಈ ಊರುಗಳಿನ್ನೂ ವಿಜಾಪುರ ಜಿಲ್ಲೆಯಲ್ಲಿದ್ದವು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ರೂಪುಗೊಂಡಿತು. ಅದರ ಸಂಚಾರ್‌ನೆಟ್ ಸೇವೆಗೆ ಎಲ್ಲೆಡೆ 172233 ಎಂಬ ಒಂದೇ ಸಂಖ್ಯೆ. ಜಮಖಂಡಿಯ ಎಸ್‌ಟಿಡಿ ಕೋಡ್ 08353, ಮುಧೋಳದ್ದು 08350, ಬೀಳಗಿಯದು 08425. ಇಂಟರ್‌ನೆಟ್ಟಿನ ಮಟ್ಟಿಗೆ ಈ ಭೇದ ಉಳಿಯಲಿಲ್ಲ.

ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡವರಿಗೆ ತೊಡಕಿದ್ದದ್ದು ತಂತಿಯಲ್ಲಲ್ಲ, ಮೋಡೆಮ್‌ನಲ್ಲಿ. ಅಗ್ಗದ ಕಂಪ್ಯೂಟರುಗಳ ಒಳಗೆ ಕೂಡಿಸಿ ಕೊಡುತ್ತಿದ್ದ ಪಿಸಿಐ ಮೋಡೆಮ್ ಹೆಸರಿಗಷ್ಟೇ ಮೋಡೆಮ್. ಅಂಕಿಗಳನ್ನು ಧ್ವನಿಯಾಗಿಸುವ, ಧ್ವನಿಯನ್ನು ಮತ್ತೆ ಅಂಕಿಗಳಾಗಿಸುವ ಕೆಲಸವನ್ನು ಅದು ವಿಂಡೋಸ್‌ಗೆಂದೇ ಬರೆದ ಚಾಲಕ ತಂತ್ರಾಂಶದ ಮೇಲೆ ಹೊರಿಸುತ್ತಿತ್ತು. ಇದಕ್ಕೆ ‘ವಿನ್‌ಮೋಡೆಮ್’ ಎಂಬ ಹೆಸರು ನಿಂತಿತು. ಲ್ಯೂಸೆಂಟ್, ಕೊನೆಕ್ಸಾಂಟ್ ಚಿಪ್‌ಗಳಿಗೆ ಲಿನಕ್ಸ್ ಚಾಲಕಗಳು ಇದ್ದವಾದರೂ, ಅವನ್ನು ಆ ಯಂತ್ರದ ಕರ್ನಲ್‌ಗೆ ಹೊಂದುವಂತೆ ಕಂಪೈಲ್ ಮಾಡಬೇಕು; ಇಳಿಸಿಕೊಳ್ಳಲು ಮೊದಲು ಇಂಟರ್‌ನೆಟ್ ಬೇಕು. ವಿಂಡೋಸ್‌ಗೆ ಮರಳಿ, ಕಡತ ಇಳಿಸಿ, ಮತ್ತೆ ಲಿನಕ್ಸ್‌ಗೆ ಬರುವುದೇ ಇದಕ್ಕಿದ್ದ ಉಪಾಯ. ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರ ಮೋಡೆಮ್ ದುಬಾರಿ, ಆದರೆ ಅದಕ್ಕೆ ಯಾವ ಕಾರ್ಯಾಚರಣೆ ವ್ಯವಸ್ಥೆಯಾದರೂ ನಡೆಯುತ್ತಿತ್ತು. ಲಿನಕ್ಸಿನಲ್ಲಿ ಡಯಲ್ ಮಾಡುವ ಡಬ್ಲ್ಯುವಿ-ಡಯಲ್‌ನ ಕಡತದಲ್ಲಿ ಸಂಖ್ಯೆ, ಬಳಕೆದಾರನ ಹೆಸರು, ಗುಪ್ತಪದ ಬರೆದರೆ ಮುಗಿಯಿತು. ಸಂಪರ್ಕ ನಡೆಸುವ ಪಿಪಿಪಿಡಿ ಎರಡು ಐಪಿ ವಿಳಾಸಗಳನ್ನು ತೆರೆಯ ಮೇಲೆ ತೋರಿಸಿದರೆ ಸಂಪರ್ಕ ಕೂಡಿತೆಂದು ಅರ್ಥ. ಅಲ್ಲಿಂದಾಚೆ ಮನೆಯ ಫೋನು ‘ಎಂಗೇಜ್’.

2004ರ ಅಕ್ಟೋಬರಿನ ಕೇಂದ್ರ ನೀತಿ 256 ಕೆಬಿಪಿಎಸ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಆರಂಭವಾಯಿತು. ತಂತಿ ಹಳೆಯದೇ, ಆದರೆ ಮೋಡೆಮ್ ಮೇಜಿನ ಮೇಲಿನ ಪ್ರತ್ಯೇಕ ಪೆಟ್ಟಿಗೆಯಾಯಿತು. ಲಿನಕ್ಸ್ ಬಳಕೆದಾರರ ಪಾಲಿಗೆ ವೇಗಕ್ಕಿಂತ ದೊಡ್ಡ ಬದಲಾವಣೆ ಇದೇ. ಪೆಟ್ಟಿಗೆಯಲ್ಲಿ ಯುಎಸ್‌ಬಿ, ಈಥರ್‌ನೆಟ್ ಎರಡೂ ಇದ್ದರೆ ಯುಎಸ್‌ಬಿಗೆ ಮತ್ತೆ ಚಾಲಕದ ಗೋಳು, ಈಥರ್‌ನೆಟ್ಟಿಗೆ ಅದಿಲ್ಲ. ಲಾಗಿನ್ ಕೆಲಸವನ್ನು ಕಂಪ್ಯೂಟರಿಗೇ ಬಿಡುವ ‘ಬ್ರಿಡ್ಜ್’ ಸ್ಥಿತಿಯಲ್ಲಿ ಡೆಬಿಯನ್ ಲಿನಕ್ಸ್‌ನ ಪಿಪಿಪಿಒಇ-ಕಾನ್ಫ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಬದಲಿಗೆ ಬ್ರೌಸರಿನಲ್ಲಿ 192.168.1.1 ತೆರೆದು, ವಿಪಿಐ 0, ವಿಸಿಐ 35 ಎಂದು ತುಂಬಿ, ಹೆಸರು-ಗುಪ್ತಪದಗಳನ್ನು ಪೆಟ್ಟಿಗೆಗೇ ಒಪ್ಪಿಸಿದರೆ ಕಂಪ್ಯೂಟರಿಗೆ ಡಿಎಚ್‌ಸಿಪಿ ಒಂದೇ ಸಾಕಾಗುತ್ತಿತ್ತು.

ಡೇಟಾಒನ್‌ನ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. 700 ಎಂಬಿಯ ಒಂದು ಉಬುಂಟು ಲಿನಕ್ಸ್ ಸಿಡಿ 256 ಕೆಬಿಪಿಎಸ್‌ನಲ್ಲಿ ಇಳಿಯಲು 6 ಗಂಟೆಗಿಂತ ತುಸು ಹೆಚ್ಚೇ ಬೇಕು. ಅಷ್ಟರಲ್ಲಿ ಗಡುವು ಮುಗಿಯುತ್ತಿತ್ತು. ನಡುವೆ ಕರೆಂಟು ಹೋದರಂತೂ ಹೇಳುವುದೇ ಬೇಡ. ಬಿಟ್ಟಲ್ಲಿಂದ ಮುಂದುವರಿಸುವ ‘ಡಬ್ಲ್ಯುಗೆಟ್’ ಆದೇಶಕ್ಕೆ ಬೆಲೆ ಬಂದದ್ದು ಹೀಗೆ. ಕಾಯಲಾರದವರಿಗೆ 2005ರಿಂದ 2011ರವರೆಗೆ ಶಿಪ್‌ಇಟ್ ಯೋಜನೆಯಲ್ಲಿ ಅಂಚೆಯ ಮೂಲಕ ಪುಕ್ಕಟೆ ಉಬುಂಟು ಸಿಡಿ ಬರುತ್ತಿತ್ತು.

ತಾಮ್ರದ ತಂತಿ ಉದ್ದವಾದಷ್ಟೂ ಡೇಟಾಒನ್ ಬಳಸುತ್ತಿದ್ದ ಎಡಿಎಸ್‌ಎಲ್ ಸಂಕೇತ ಕುಂದುತ್ತದೆ. ಕಬ್ಬಿನ ಗದ್ದೆಗಳ ನಡುವಿನ, ವಿನಿಮಯ ಕೇಂದ್ರಕ್ಕೆ ದೂರವಾದ ತೋಟದ ವಸ್ತಿಗಳಿಗೆ ಅದು ಎಟುಕುತ್ತಿರಲಿಲ್ಲ. ಅಂಥಲ್ಲಿ ನಿಸ್ತಂತು ಜಾಲದ ಸಿಡಿಎಂಎ, ಆಮೇಲೆ 3ಜಿ ಡಾಂಗಲ್‌ಗಳೇ ಗತಿಯಾಗಿದ್ದವು. ಡಾಂಗಲ್ ಮೊದಲಿಗೆ ವಿಂಡೋಸ್ ತಂತ್ರಾಂಶವಿರುವ ಸಿಡಿಯ ವೇಷದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಆ ವೇಷ ಕಳಚಿ ಮೋಡೆಮ್ ಆಗಿಸಲೆಂದೇ ‘ಯುಎಸ್‌ಬಿ-ಮೋಡ್‌ಸ್ವಿಚ್’ ಎಂಬ ಸಣ್ಣ ತಂತ್ರಾಂಶ ಹುಟ್ಟಿತು. ಉಳಿದ ಗೊಡವೆಯನ್ನು, ರೆಡ್ ಹ್ಯಾಟ್ 2004ರಲ್ಲಿ ಆರಂಭಿಸಿದ ನೆಟ್‌ವರ್ಕ್‌ಮ್ಯಾನೇಜರ್ ಮೆಲ್ಲಗೆ ವಹಿಸಿಕೊಂಡಿತು.

ಆಪ್ಟಿಕಲ್ ಫೈಬರ್ ಬಂದ ಮನೆಗಳಲ್ಲಿ ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಯೇ ಸಂಪರ್ಕ ಸಾಧಿಸುತ್ತದೆ. ಆಚೆ ಬದಿಯಲ್ಲಿರುವುದು ಲಿನಕ್ಸೋ ವಿಂಡೋಸೋ ಎಂಬುದು ಅದಕ್ಕೆ ಬೇಕಿಲ್ಲ. ಹಳೆಯ ತೊಡಕು ಉಳಿದಿರುವುದು ಲ್ಯಾಪ್‌ಟಾಪುಗಳ ವೈಫೈಯಲ್ಲಿ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳು ಪ್ರತ್ಯೇಕ ಫರ್ಮ್‌ವೇರ್ ಇಲ್ಲದೆ ಲಿನಕ್ಸ್‌ನಲ್ಲಿ ಏಳುವುದಿಲ್ಲ, ಅದನ್ನು ತರಲು ಮತ್ತೆ ಇಂಟರ್‌ನೆಟ್ಟೇ ಬೇಕು. ಆಗ ನೆರವಿಗೆ ಬರುವುದು ಮೊಬೈಲು. ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಒತ್ತಿದರೆ, ಅದಕ್ಕೆ ಬೇಕಾದ ಚಾಲಕ ಕರ್ನಲ್‌ನಲ್ಲೇ ಇರುವುದರಿಂದ, ಲಿನಕ್ಸ್ ಅದನ್ನು ಒಂದು ಈಥರ್‌ನೆಟ್ ಕಾರ್ಡೆಂದೇ ಒಪ್ಪಿಕೊಳ್ಳುತ್ತದೆ.